ಖಾಲಿ ಜಾಗಕ್ಕೆ ಬಿದ್ದ ಒಂಬತ್ತು ವಾರಿ

ಆ ದಿನ ನಳಕ್ಕೆ ನೀರು ಬರುವ ಸರದಿ. ಎದ್ದವಳೇ ಹಿತ್ತಲಿನ ನಳಕ್ಕೆ ಪೈಪು ಹಚ್ಚಿ, ಒಲೆಯ ಒಂದು ಕಡೆ ಚಹಾ, ಇನ್ನೊಂದು ಕಡೆ ರೊಟ್ಟಿಯ ಹಂಚು ಇಟ್ಟೆ. ಐದನೆಯ ರೊಟ್ಟಿ ಉಬ್ಬುವ ಹೊತ್ತಿಗೆ ನಮ್ಮ ಮನೆಯವರು ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು.

"ಇದರ ಜೋಡಿ ಎಲ್ಲೈತಿ?"

"ಕಿಡಕಿ ಮ್ಯಾಲ. ನಿನ್ನೆ ನೀವ ಇಟ್ಟೀರಿ."

ಇದು ನಮ್ಮ ಮನೆಯಲ್ಲಿ ದಿನಾ ನಡೆಯುವ ಮಾತು. ಅಷ್ಟರಲ್ಲಿ ಫೋನು ಬಂತು. ಹಿಟ್ಟಿನ ಕೈಯಲ್ಲೇ ಎತ್ತಿದೆ, ಫೋನಿನ ಗಾಜಿನ ಮೇಲೆ ನನ್ನ ಬೆರಳುಗಳೆಲ್ಲ ಬೆಳ್ಳಗೆ ಮೂಡಿದವು. ಆ ಕಡೆ ಮಹಾಂತೇಶ. ನವನಗರದಲ್ಲಿ ಔಷಧ ಅಂಗಡಿಯ ಮೇಲಿದ್ದ ನಮ್ಮ ವೆಬ್‌ಸೈಟ್ ಆಫೀಸಿನ ಮಾಲಕ, ನನಗಿಂತ ಹದಿನೈದು ವರ್ಷ ಸಣ್ಣವ, ನನ್ನ ಮೇಲಧಿಕಾರಿ.

"ಅಕ್ಕಾರ, ರೊಟ್ಟಿ ಬಡ್ಯಾಕತ್ತೀರೇನು?"

"ಹೌದಪಾ, ಹೇಳು."

"ಒಂದ ಸಣ್ಣ ಕೆಲಸ ಐತ್ರಿ. ಇಳಕಲ್ಲಿನ ನೇಕಾರರ ಸಂಘದ ಸೈಟಿನ್ಯಾಗಿಂದ ಶಂಕ್ರವ್ವನ ಪುಟ ತಗದ ಬಿಡ್ರಿ. ಹೆಸರು, ಫೋಟೋ, ಸೀರಿ, ಎಲ್ಲಾ."

"ಯಾಕ? ಏನಾತು?"

"ಆಕಿ ವಾರಿ ಕದ್ದಾಳಂತ್ರಿ. ಒಂಬತ್ತು ವಾರಿ ಅಂತ ಸೈಟಿನ್ಯಾಗ ಬರಸಿ ಎಂಟು ವಾರಿ ಸೀರಿ ಕಳಿಸ್ಯಾಳ. ಮೂರು ಮಂದಿ ದೂರು ಕೊಟ್ಟಾರ. ಇವತ್ತ ಮಧ್ಯಾಹ್ನ ಮೀಟಿಂಗ್ ಮಾಡಿ ಆಕಿನ್ನ ಸಂಘದಿಂದನ ತಗೀತಾರಂತ."

ಆರನೆಯ ರೊಟ್ಟಿ ಹಂಚಿನ ಮೇಲೆ ಸುಟ್ಟು ಕರಕಲಾಯಿತು. ಶಂಕ್ರವ್ವನನ್ನು ನಾನು ಒಂದೇ ಸಲ ಕಂಡಿದ್ದೆ. ಅರವತ್ತರ ಹೆಂಗಸು, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವಳು, ಫೋಟೋ ತೆಗೆಯುವಾಗ ಸೆರಗು ಸರಿಮಾಡಿಕೊಳ್ಳುವ ಬದಲು ಮಗ್ಗದ ಮೇಲಿನ ದೂಳು ಒರೆಸಿದವಳು. ಅಂಥವಳು ಸೀರೆಯಲ್ಲಿ ಒಂದು ವಾರಿ, ಅಂದರೆ ಒಂದು ಗಜ, ಕದಿಯುತ್ತಾಳೆಂದು ನನಗೆ ಅನಿಸಲಿಲ್ಲ. ಆದರೆ ನನಗೆ ಅನಿಸುವುದೆಲ್ಲ ಖರೆಯಾಗುವುದಿಲ್ಲ ಎಂಬುದಕ್ಕೆ ನನ್ನ ಹನ್ನೆರಡು ವರ್ಷದ ನೌಕರಿಯೇ ಸಾಕ್ಷಿ.

ಈ ಕೆಲಸಕ್ಕೆ ಈಗ ಹೊಸದಾಗಿ ಬರುವ ಹುಡುಗಿಯರಿಗೆ ಆ ನೌಕರಿ ಎಂಥದಿತ್ತು ಎಂದು ಇಲ್ಲಿ ಸ್ವಲ್ಪ ಹೇಳಬೇಕು. ಕಳೆದ ವರ್ಷ ಕಣ್ಣು ಸೋತವೆಂದು ಬಿಟ್ಟೆ. ಆಫೀಸಿನವರು ಒಂದು ಶಾಲು ಹೊದಿಸಿ, ನಾನು ಕೂರುತ್ತಿದ್ದ ಕುರ್ಚಿಯ ದಿಂಬನ್ನೂ ಕೈಗೆ ಕೊಟ್ಟು ಕಳಿಸಿದರು. ದಿಂಬು ನನ್ನದೇ, ಮನೆಯಿಂದ ಒಯ್ದದ್ದು. ನನ್ನ ಸಾಧನೆ ಇಷ್ಟು. ಉಳಿದದ್ದೆಲ್ಲ ತಪ್ಪುಗಳು.

ನಾನು ಕಲಿತದ್ದು ಸಿಸ್ಟರ್‌ಗಳು ನಡೆಸುವ ಕಾನ್ವೆಂಟಿನಲ್ಲಿ. ಮದುವೆಗೆ ಮೊದಲು ಒಂದು ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದೆ. ಆಮೇಲೆ ಇಪ್ಪತ್ತು ವರ್ಷ ಬರೀ ಮನೆ, ಮಕ್ಕಳು. ಮಗಳು ಕಾಲೇಜಿಗೆ ಹೋದ ಮೇಲೆ ಹೊತ್ತು ಹೋಗದೆ ಮಹಾಂತೇಶನ ಆಫೀಸಿಗೆ ಕಾಗುಣಿತ ತಿದ್ದಲು ಸೇರಿದೆ. ತಿದ್ದುತ್ತ ತಿದ್ದುತ್ತ ಪುಟ ಕಟ್ಟುವುದಕ್ಕೂ ಕೈ ಹಾಕಿದೆ.

ವೆಬ್‌ಸೈಟಿನ ಒಂದೊಂದು ಪುಟವನ್ನೂ ತುಣುಕು ತುಣುಕಾಗಿ ಕಟ್ಟುತ್ತಿದ್ದೆವು. ಆ ತುಣುಕಿಗೆ ಕಾಂಪೊನೆಂಟ್ ಎನ್ನುತ್ತಾರೆ. ಒಂದು ಕಾಂಪೊನೆಂಟಿಗೆ ನಾಲ್ಕು ಫೈಲು: ಒಂದರಲ್ಲಿ ಪುಟದ ರೂಪ, ಒಂದರಲ್ಲಿ ಬಣ್ಣ, ಒಂದರಲ್ಲಿ ಪರೀಕ್ಷೆ, ಇನ್ನೊಂದರಲ್ಲಿ ಟೈಪುಗಳ ಪಟ್ಟಿ. ಟೈಪು ಅಂದರೆ ಅಡುಗೆಮನೆಯ ಡಬ್ಬಿಗೆ ಅಂಟಿಸುವ ಚೀಟಿ ಇದ್ದ ಹಾಗೆ. ಇಲ್ಲಿ ಸಂಖ್ಯೆ ಬರಬೇಕು, ಇಲ್ಲಿ ಅಕ್ಷರ, ಇಲ್ಲಿ ಹೌದು ಅಥವಾ ಇಲ್ಲ. ಉಪ್ಪಿನ ಡಬ್ಬಿಗೆ ತೊಗರಿಬೇಳೆ ಹಾಕಲು ಹೋದರೆ ಕಂಪ್ಯೂಟರು ಕೆಂಪು ಗೆರೆ ಎಳೆದು ಚೀರುತ್ತದೆ. ನನಗೆ ಇದು ಭಾಳ ಹಿಡಿಸಿತು. ಕಾನ್ವೆಂಟಿನಲ್ಲಿ ನಮ್ಮ ಕರವಸ್ತ್ರಕ್ಕೂ ಹೆಸರಿನ ಪಟ್ಟಿ ಹೊಲಿದಿರುತ್ತಿದ್ದರು.

ಹೊಸ ಪುಟ ಬೇಕಾದಾಗ ಹಳೆಯ ಫೋಲ್ಡರನ್ನು ನಕಲು ಮಾಡಿ ಏಳೆಂಟು ಕಡೆ ಹೆಸರು ಬದಲಿಸುವುದು ಆಗಿನ ಪದ್ಧತಿ. ಏಳು ಕಡೆ ಬದಲಿಸಿ ಎಂಟನೆಯದನ್ನು ಮರೆಯುವುದು ನನ್ನ ಪದ್ಧತಿ. ಇಳಕಲ್ ಸಂಘದ ಮೊದಲ ಸೀರೆಯ ಪುಟವನ್ನು ಬಾದಾಮಿಯ ಒಂದು ಲಾಡ್ಜಿನ ಕೋಣೆಯ ಪುಟದಿಂದ ನಕಲು ಮಾಡಿದ್ದೆ. ನೀಲಿ ಒಡಲು, ಕೆಂಪು ಸೆರಗಿನ ಚೆಂದದ ಸೀರೆ. ಅದರ ಕೆಳಗೆ "ಇಬ್ಬರು ತಂಗಬಹುದು, ಬೆಳಗಿನ ಉಪಾಹಾರ ಸೇರಿದೆ" ಎಂದು ಎರಡು ದಿನ ಇತ್ತು. ಲಾಡ್ಜಿನವರೇ ನೋಡಿ ಫೋನು ಮಾಡಿದರು.

"ಬಾಯಾರ, ನಮ್ಮ ಕ್ವಾಣಿಯೊಳಗ ಉಪ್ಪಿಟ್ಟು ಕೊಡ್ತೇವಿ ಖರೆ. ಆ ಸೀರಿಯೊಳಗ ಯಾರು ಕೊಡ್ತಾರ್ರಿ?"

ಮಹಾಂತೇಶ ಬೈಯಲಿಲ್ಲ. ಒಂದು ವಾರ ನನ್ನನ್ನು ಕಂಡಾಗಲೆಲ್ಲ "ಅಕ್ಕಾರ, ಉಪಾಹಾರ ಆತೇನ್ರಿ?" ಎಂದು ಕೇಳಿದ. ಬೈದಿದ್ದರೆ ಒಳ್ಳೆಯದಿತ್ತು.

ಆ ಅವಮಾನದಿಂದ ಹುಟ್ಟಿದ್ದು ನನ್ನ ಅಚ್ಚು. ಚಕ್ಕಲಿ ಅಚ್ಚಿನ ನೆನಪಿನಲ್ಲಿ ನಾನೇ ಇಟ್ಟ ಹೆಸರು. ಎರಡು ತಿಂಗಳು ರೊಟ್ಟಿ ಬಡಿಯುತ್ತಲೂ ಅದೇ ಯೋಚನೆ ಮಾಡಿ ಒಂದು ಸಣ್ಣ ಪ್ರೋಗ್ರಾಮು ಬರೆದೆ. ಒಂದು ಸಾಲು ಕಮಾಂಡ್ ಕೊಟ್ಟರೆ ಸಾಕು, ನಾಲ್ಕೂ ಫೈಲುಗಳು ತಾವೇ ಹುಟ್ಟುತ್ತಿದ್ದವು, ಹೆಸರು ಎಲ್ಲ ಕಡೆ ಸರಿಯಾಗಿ ಬೀಳುತ್ತಿತ್ತು, ಟೈಪುಗಳು ಸಾಲಾಗಿ ನಿಲ್ಲುತ್ತಿದ್ದವು. ನೇಕಾರರು ತುಂಬಿಕೊಟ್ಟ ಫಾರ್ಮಿನಲ್ಲಿ ಬಂದ ವಿವರಗಳನ್ನು ಒಂದು ಪಟ್ಟಿಗೆ ಹಾಕಿಕೊಟ್ಟರೆ ಅದನ್ನೂ ಓದಿ ತುಂಬಿಕೊಳ್ಳುತ್ತಿತ್ತು. ಅರ್ಧ ದಿನದ ಕೆಲಸ ಒಂದು ಚಹಾ ಆರುವುದರೊಳಗೆ ಮುಗಿಯಿತು. ಇಳಕಲ್ ಸಂಘದ ನಲವತ್ತು ಸೀರೆಗಳ ಪುಟವನ್ನು ಒಂದೇ ಮಧ್ಯಾಹ್ನ ಹೊರತೆಗೆದೆ. ಮಹಾಂತೇಶ ಎಲ್ಲರಿಗೂ ಮಿರ್ಚಿ ಭಜಿ ತರಿಸಿದ. ನಾನು ಎರಡು ತಿಂದೆ. ಗರ್ವ ಬಂದರೆ ನನಗೆ ಹಸಿವೂ ಹೆಚ್ಚು.

ಈಗಿನವರು ಇದನ್ನೆಲ್ಲ ಬರೆಯುವುದೂ ಇಲ್ಲ. ಬೇಕಾದ್ದನ್ನು ಮಾತಿನಲ್ಲಿ ಹೇಳಿದರೆ ಕಂಪ್ಯೂಟರೇ ಬರೆದುಕೊಡುತ್ತದೆ. ಬರೆಯಲಿ. ಆದರೆ ನಾನು ಮಾಡಿದ ತಪ್ಪನ್ನು ಅದೂ ಮಾಡುತ್ತದೆ, ಅದಕ್ಕೇ ಇಷ್ಟು ಉದ್ದಕ್ಕೆ ಹೇಳುತ್ತಿದ್ದೇನೆ.

ಸರಿ, ಆ ಬೆಳಿಗ್ಗೆ ಆಫೀಸಿಗೆ ಹೋಗಿ ಶಂಕ್ರವ್ವನ ಪುಟ ಅಳಿಸಲು ಕೂತೆ. ಅಳಿಸುವ ಮೊದಲು ಒಮ್ಮೆ ತೆರೆದು ನೋಡಿದೆ. ಉದ್ದ: ಒಂಬತ್ತು ವಾರಿ. ಅವಳು ಏನು ಬರೆದುಕೊಟ್ಟಿದ್ದಳು ನೋಡೋಣವೆಂದು ಟೇಬಲ್ಲಿನ ಖಾನೆಯಲ್ಲಿ ದಾರ ಕಟ್ಟಿ ಇಟ್ಟಿದ್ದ ಫಾರ್ಮುಗಳನ್ನು ಬಿಚ್ಚಿದೆ. ಶಂಕ್ರವ್ವನ ಫಾರ್ಮು ಸಿಕ್ಕಿತು. ಹೆಸರಿದೆ. ದಡಿ, ಅಂದರೆ ಅಂಚಿನ ನಮೂನೆ, ಗೋಮಿ ಎಂದಿದೆ. ಒಡಲಿನ ಬಣ್ಣ ಇದೆ. ಒಂದು ಮೂಲೆಯಲ್ಲಿ ಎಣ್ಣೆಯ ಹೆಬ್ಬೆರಳಿನ ಕಲೆ ಇದೆ. ಉದ್ದ ಎಂಬಲ್ಲಿ ಏನೂ ಇಲ್ಲ.

ಫಾರ್ಮು ಬದಿಗಿಟ್ಟು, ಅಚ್ಚಿಗೆ ನಾನು ಏನು ಬರೆದಿದ್ದೆ ಎಂದು ತೆರೆದು ನೋಡಿದೆ.

ಟೈಪುಗಳಲ್ಲಿ ಒಂದು ಅನುಕೂಲವಿದೆ. ಒಂದು ವಿವರದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ "ಇದು ಇಲ್ಲದಿದ್ದರೂ ನಡೆದೀತು" ಎಂದರ್ಥ. ಆ ಚಿಹ್ನೆ ಕಂಡರೆ ನನಗೆ ಕಸಿವಿಸಿ. ಪರೀಕ್ಷೆಯ ಕಾಗದದಲ್ಲಾಗಲಿ ಅರ್ಜಿಯಲ್ಲಾಗಲಿ ಖಾಲಿ ಜಾಗ ಬಿಟ್ಟರೆ ನಮ್ಮ ಕಾನ್ವೆಂಟಿನಲ್ಲಿ ಬೆರಳ ಗೆಣ್ಣಿಗೆ ಅಳತೆಕಡ್ಡಿಯ ಏಟು. ಅದಕ್ಕೆ ಅಚ್ಚಿನಲ್ಲಿ ಎಲ್ಲ ವಿವರವೂ ಕಡ್ಡಾಯ ಮಾಡಿದ್ದೆ, ಯಾರಾದರೂ ಖಾಲಿ ಬಿಟ್ಟರೆ ಅಚ್ಚೇ ಏನನ್ನಾದರೂ ತುಂಬಲಿ ಎಂದು ಬರೆದಿದ್ದೆ. ಉದ್ದದ ಜಾಗಕ್ಕೆ ಒಂಬತ್ತು. ಯಾಕೆ ಒಂಬತ್ತು? ನಮ್ಮ ಅಜ್ಜಿ ಉಡುತ್ತಿದ್ದುದು ಒಂಬತ್ತು ವಾರಿ. ಅಷ್ಟೇ ಕಾರಣ. ಹಾಗೆ ಬರೆದದ್ದನ್ನು ನಾನೇ ಮರೆತಿದ್ದೆ. ಒಂಬತ್ತೂ ಸಂಖ್ಯೆಯೇ, ಎಂಟೂ ಸಂಖ್ಯೆಯೇ. ಕಂಪ್ಯೂಟರಿಗೆ ಡಬ್ಬಿಯಲ್ಲಿ ಉಪ್ಪೇ ಇದೆ ಎಂದು ಗೊತ್ತು. ಎಷ್ಟಿದೆ ಎಂದು ಅದು ಯಾಕೆ ಕೇಳೀತು? ಕೆಂಪು ಗೆರೆ ಬರಲೇ ಇಲ್ಲ.

ಆರ್ಡರು ಬಂದಾಗ ನೇಕಾರರಿಗೆ ಹೋಗುವ ಚೀಟಿಯಲ್ಲಿ ಸೀರೆಯ ಹೆಸರು ಮತ್ತು ಬಣ್ಣ ಮಾತ್ರ ಇರುತ್ತಿತ್ತು. ಅದೂ ನನ್ನದೇ ಜಾಣತನ, ಚೀಟಿ ಚಿಕ್ಕದಾಗಿ ಅಂದವಾಗಿ ಕಾಣಲಿ ಎಂದು. ಹೀಗಾಗಿ ಶಂಕ್ರವ್ವನಿಗೆ ಒಂಬತ್ತರ ಸುದ್ದಿಯೇ ತಿಳಿಯಲಿಲ್ಲ. ಕೊಂಡವರು ಒಂಬತ್ತು ಓದಿದರು, ಆಕೆ ಎಂಟು ನೇಯ್ದಳು, ಮಡಿಚಿದ ಸೀರೆಯಲ್ಲಿ ಒಂದು ವಾರಿ ಕಣ್ಣಿಗೆ ಕಾಣುವುದಿಲ್ಲ. ಹುನಗುಂದದ ಒಬ್ಬ ಅಜ್ಜಿ ಕಚ್ಚೆ ಹಾಕಲು ಹೋದಾಗ ಕಂಡಿತು.

ಫಾರ್ಮನ್ನು ಮಹಾಂತೇಶನ ಮುಂದಿಟ್ಟೆ. ಅವನು ಎರಡು ಸಲ ನೋಡಿದ. ಬಾಗಿಲು ಹಾಕಿ ಬಂದ.

"ಅಕ್ಕಾರ, ಇದನ್ನ ಯಾರಿಗೂ ತೋರಸಬ್ಯಾಡ್ರಿ. ಆ ಒಂಬತ್ತನ್ನ ಎಂಟ ಮಾಡಿ ಬಿಡ್ರಿ. ಮುಗದ ಹೋತು."

"ಮತ್ತ ಶಂಕ್ರವ್ವ?"

"ಆಕಿಗೆ ನಾ ಆಮ್ಯಾಲ ಹೆಂಗರ ಸಮಾಧಾನ ಮಾಡ್ತೇನಿ."

"ಹೆಂಗ ಮಾಡ್ತೀ? ಇವತ್ತ ಒಂಬತ್ತು ಇದ್ದದ್ದ ನಾಳೆ ಎಂಟ ಆದ್ರ, ಸಿಕ್ಕಬಿದ್ದಳು ಅಂತ ಆಕಿನ ತಿದ್ದಿಸ್ಯಾಳ ಅಂತಾರ."

"ಸಂಘ ಕೈ ಬಿಟ್ಟು ಹೋದ್ರ, ಅವರನ್ನ ನೋಡಿ ಬಂದ ಇನ್ನ ಮೂರು ಸಂಘನೂ ಹೋಗ್ತಾವ್ರಿ. ಆಫೀಸ್ ಮುಚ್ಚಬೇಕು."

ಅವನು ಹೇಳಿದ್ದು ಸುಳ್ಳಲ್ಲ. ನಾನು ಧೈರ್ಯದ ಹೆಂಗಸೂ ಅಲ್ಲ. ತರಕಾರಿಯವಳು ಕೊಳೆತ ಟೊಮೆಟೊ ಹಾಕಿದರೂ ಸುಮ್ಮನೆ ತರುವವಳು. ಆದರೆ ಆ ಎಣ್ಣೆಯ ಹೆಬ್ಬೆರಳು ನನ್ನ ಮುಂದೆಯೇ ಇತ್ತು. ಫಾರ್ಮಿನ ಕಟ್ಟು, ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡೆ. ಮನೆಯವರಿಗೆ ಫೋನು ಮಾಡಿ "ಎಣಗಾಯಿ ಐತಿ, ನೀವ ಬಡಿಸಿಕೊಂಡ ಉಣ್ರಿ" ಎಂದೆ. "ಯಾವ ಡಬ್ಬ್ಯಾಗ?" ಎಂದರು. ಹೇಳಿ ಬಸ್ಸು ಹತ್ತಿದೆ.

ಶಿರೂರು ದಾಟಿ ಹುನಗುಂದ ಬರುವವರೆಗೂ ಮನಸ್ಸಿನಲ್ಲೇ ಭಾಷಣ ಸಿದ್ಧ ಮಾಡಿದೆ. ಮೊದಲಿನದು ಒಂದು ಪುಟದಷ್ಟು ಉದ್ದ. ಹುನಗುಂದದ ನಿಲ್ದಾಣದಲ್ಲಿ ಕಚ್ಚೆ ಸೀರೆಯ ಇಬ್ಬರು ಅಜ್ಜಿಯರು ಹತ್ತಿ ನನ್ನ ಎದುರಿಗೆ ಕೂತರು. ಅವರ ನಿರಿಗೆ ನೋಡುತ್ತ ನೋಡುತ್ತ ಭಾಷಣ ಮರೆತುಹೋಯಿತು.

ಸಂಘದ ಕೋಣೆಯಲ್ಲಿ ಇಪ್ಪತ್ತು ಹೆಂಗಸರು ಜಮಖಾನೆಯ ಮೇಲೆ ಕೂತಿದ್ದರು. ನಡುವೆ ತಿರುಗಿ ಬಂದ ಮೂರು ಸೀರೆಗಳು. ಗೋಡೆಗೆ ಒರಗಿ ಶಂಕ್ರವ್ವ. ಸಂಘದ ಅಧ್ಯಕ್ಷೆ ನೀಲಮ್ಮ ನನ್ನನ್ನು ನೋಡಿ ಎದ್ದೇ ನಿಂತರು.

"ಬರ್ರಿ ಬಾಯಾರ, ಚಲೋ ಹೊತ್ತಿಗೆ ಬಂದ್ರಿ. ಈಕಿಗೆ ನೀವ ಹೇಳ್ರಿ. ಕಂಪ್ಯೂಟರ್ ಸುಳ್ಳ ಹೇಳ್ತೈತೇನು?"

"ನಾ ಒಂಬತ್ತು ಅಂತ ಬಾಯಿ ಬಿಟ್ಟಿಲ್ಲ" ಎಂದಳು ಶಂಕ್ರವ್ವ. ದನಿ ಗಟ್ಟಿಯಾಗಿತ್ತು. "ನಲವತ್ತ ವರ್ಷ ಎಂಟ ನೇದೀನಿ. ಬೇಕಾದ್ರ ಅಳೀರಿ, ಎಂಟಕ್ಕ ನಾಕ ಬೆರಳ ಹೆಚ್ಚಿಗಿನ ಐತಿ."

"ಎಂಟ ನೇದಿ ಅಂತ ಎಲ್ಲಾರಿಗೂ ಗೊತ್ತೈತಿ. ಕಾಣದ ಮಂದಿಗೆ ಒಂಬತ್ತು ಅಂತ ಬರಸೀಯಲ್ಲ, ಅದಕ್ಕೇನಂತಿ?"

ನಾನು ನಿಂತಲ್ಲೇ ಫಾರ್ಮು ಎತ್ತಿ ಹಿಡಿದೆ. "ಬರಸಿಲ್ರಿ. ಈ ಜಾಗಾ ಖಾಲಿ ಇತ್ತು. ಒಂಬತ್ತು ತುಂಬಿದ್ದು ಅಚ್ಚು."

"ಯಾರದು ಅಚ್ಚು?"

"ಪುಟ ಮಾಡೋ ಪ್ರೋಗ್ರಾಮ್ ರಿ. ಖಾಲಿ ಇದ್ದಲ್ಲಿ ಅದ ತುಂಬತೈತಿ."

"ಅದಕ್ಕ ಹಂಗ ತುಂಬು ಅಂತ ಕಲಿಸಿದವ್ರು ಯಾರು?"

"ನಾನು."

ಹಿಂದೆ ಯಾರೋ ಕಿಸಕ್ಕೆಂದರು. ಶಂಕ್ರವ್ವ ನಗಲಿಲ್ಲ.

"ಬಾಯಾರ, ಖಾಲಿ ಇತ್ತಂದ್ರ ಒಂದ ಫೋನ್ ಹಚ್ಚಿ ಕೇಳಾಕ ಏನಾಗಿತ್ರಿ ನಿಮಗ?"

ನನ್ನ ನೌಕರಿಯಲ್ಲಿ ಯಾರೂ ನನಗೆ ಅಷ್ಟು ಸರಳವಾದ ಪ್ರಶ್ನೆ ಕೇಳಿರಲಿಲ್ಲ. ಅರ್ಧ ದಿನದ ಕೆಲಸವನ್ನು ಒಂದು ಚಹಾದ ಹೊತ್ತಿಗೆ ಇಳಿಸಿದವಳಿಗೆ ಎರಡು ನಿಮಿಷದ ಫೋನು ಭಾರವಾಗಿತ್ತು ಎಂದು ಹೇಳುವುದು ಹೇಗೆ?

"ಆಕಿದೊಂದ ಹಿಂಗಾಗೇತೋ, ಬ್ಯಾರೆಯವ್ರದೂ ಐತೋ?" ಎಂದು ಒಬ್ಬಳು ಕೇಳಿದಳು. ಅದನ್ನು ನಾನೂ ಯೋಚಿಸಿರಲಿಲ್ಲ. ಲ್ಯಾಪ್‌ಟಾಪು ತೆರೆದು ಅಲ್ಲೇ ಜಮಖಾನೆಯ ಮೇಲೆ ಕೂತೆ. ಒಬ್ಬಳು ಫಾರ್ಮು ಓದುವುದು, ನಾನು ಪುಟ ಓದುವುದು. ಕೈಯಿಂದ ಮಾಡುತ್ತಿದ್ದಾಗ ಒಂದು ಸಲಕ್ಕೆ ಒಂದು ತಪ್ಪು ಮಾಡುತ್ತಿದ್ದೆ. ಅಚ್ಚು ಬಂದ ಮೇಲೆ ನಲವತ್ತು ಪುಟದಲ್ಲಿ ಹದಿಮೂರು ಒಟ್ಟಿಗೆ ಮಾಡಿದ್ದೆ. ಹನ್ನೆರಡನೆಯ ಫಾರ್ಮು ಓದುತ್ತಿದ್ದವಳು ನಡುವೆಯೇ ನಿಲ್ಲಿಸಿ ನೀಲಮ್ಮನ ಮುಖ ನೋಡಿದಳು.

"ಯಾಕ ನಿಂತಿ? ಓದು."

"ನಿಮ್ಮದ ಐತ್ರಿ, ಅಧ್ಯಕ್ಷರ. ಉದ್ದ, ಖಾಲಿ."

ಪುಟದಲ್ಲಿ ಒಂಬತ್ತು ಎಂದಿತ್ತು. ನೀಲಮ್ಮ ನೇಯುವುದೂ ಎಂಟೇ. ಪುಣ್ಯಕ್ಕೆ ಆ ಸೀರೆಯನ್ನು ಇನ್ನೂ ಯಾರೂ ಕೊಂಡಿರಲಿಲ್ಲ.

"ಅಂದ್ರ, ಈಕಿದು ಮೊದಲ ಮಾರಾಟ ಆತು ಅಂತ ಈಕಿ ಕಳ್ಳಿ. ನಂದು ಮೊದಲ ಹೋಗಿದ್ರ..." ನೀಲಮ್ಮ ಶಂಕ್ರವ್ವನ ಪಕ್ಕಕ್ಕೆ ಹೋಗಿ ಗೋಡೆಗೆ ಒರಗಿ ಕೂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ನೀಲಮ್ಮ ಎಲೆ ಅಡಿಕೆಯ ಸಂಚಿಯನ್ನು ಆ ಕಡೆ ಸರಿಸಿದರು. ಶಂಕ್ರವ್ವ ಅದನ್ನು ಮುಟ್ಟಲಿಲ್ಲ.

"ಬರದ ಕೊಡ್ರಿ" ಎಂದಳು ನನಗೆ. "ಸಂಘದ ಬಾಗಲಿಗೆ ಹಚ್ಚತೀನಿ. ಓಣ್ಯಾಗ ಎಂಟ ದಿನದಿಂದ ನಾ ತಲಿ ಎತ್ತಿ ನಡದಿಲ್ಲ."

ಕಾನ್ವೆಂಟಿನ ದುಂಡು ಅಕ್ಷರದಲ್ಲಿ ಬರೆದೆ. "ತಾಂತ್ರಿಕ ದೋಷದಿಂದ ಸೀರೆಯ ಉದ್ದ ತಪ್ಪಾಗಿ ನಮೂದಾಗಿರುತ್ತದೆ" ಎಂದು. ಓದಿ ಹೇಳಿದೆ. ನನಗೇ ಚೆಂದ ಕೇಳಿಸಿತು.

"ಇನ್ನೊಮ್ಮೆ ಓದ್ರಿ."

ಓದಿದೆ.

"ತಾಂತ್ರಿಕ ದೋಷ ಅಂದ್ರ ಯಾರ್ರಿ? ಅವರ ಮನಿ ಎಲ್ಲೈತಿ?"

ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಆ ಸಾಲು ಹೊಡೆದು ಹಾಕಿ ಮತ್ತೆ ಬರೆದೆ: "ಶಂಕ್ರವ್ವ ಒಂಬತ್ತು ಎಂದು ಹೇಳಿಲ್ಲ. ಕೇಳದೆ ಬರೆದವಳು ನಾನು, ಬಾಗಲಕೋಟೆಯ ಸುಶೀಲಾ." ಸಹಿ ಹಾಕಿದೆ. ಅದನ್ನು ಮಡಿಚಿ ಕುಬಸದೊಳಗೆ ಇಟ್ಟುಕೊಂಡ ಮೇಲೆ ಶಂಕ್ರವ್ವ ನೀಲಮ್ಮನ ಸಂಚಿಯಿಂದ ಒಂದು ಎಲೆ ತೆಗೆದಳು.

ಮಗ್ಗದ ಸದ್ದು ಕೇಳುತ್ತ ಅಲ್ಲೇ ಕೂತು ಅಚ್ಚು ತಿದ್ದಿದೆ. ತುಂಬುವ ಸಾಲುಗಳನ್ನೆಲ್ಲ ಕಿತ್ತುಹಾಕಿದೆ. ಉದ್ದ ಎಂದರೆ ಯಾವುದೋ ಸಂಖ್ಯೆ ಅಲ್ಲ, ಆರು, ಎಂಟು, ಒಂಬತ್ತರಲ್ಲಿ ಒಂದು ಎಂದು ಟೈಪು ಬಿಗಿ ಮಾಡಿದೆ. ಖಾಲಿ ಇದ್ದರೆ ಅಚ್ಚು ಪುಟ ಮಾಡುವುದನ್ನೇ ನಿಲ್ಲಿಸಿ "ಇದನ್ನು ಯಾರಿಗೆ ಕೇಳಬೇಕು?" ಎಂದು ಕೇಳುತ್ತದೆ. ಚೀಟಿಯಲ್ಲಿ ಉದ್ದವನ್ನೂ ಸೇರಿಸಿದೆ. ನೀಲಮ್ಮ ಇನ್ನೊಂದು ಷರತ್ತು ಹಾಕಿದರು, ಪುಟ ಹೊರಡುವ ಮೊದಲು ನೇಯ್ದವಳಿಗೆ ಫೋನಿನಲ್ಲಿ ಓದಿ ಹೇಳಬೇಕು. ಒಪ್ಪಿದೆ. ಸಂಘ ನಮ್ಮನ್ನು ಬಿಡಲಿಲ್ಲ. "ತಪ್ಪು ಮಾಡಿದವ್ರ ಕೈಲೆನ ತಿದ್ದಿಸ್ಕೋಬೇಕು, ಹೊಸಬ್ರ ಕಡೆ ಹೋದ್ರ ಹೊಸಾ ತಪ್ಪು" ಎಂದರು. ಇದನ್ನು ಪ್ರಶಂಸೆ ಎಂದು ತಿಳಿದು ಮಹಾಂತೇಶನಿಗೆ ಫೋನಿನಲ್ಲಿ ಹೇಳಿದೆ.

ನಾನು ಕಳಿಸಿದ ಹೊಸ ಅಚ್ಚನ್ನು ಅವನು ಅಷ್ಟರಲ್ಲೇ ತನ್ನ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದನೆಂದು ಕಾಣುತ್ತದೆ.

"ಅಕ್ಕಾರ, ಹೆಜ್ಜಿಗೊಮ್ಮೆ ನಿಂತ ಪ್ರಶ್ನೆ ಕೇಳಾಕತ್ತೈತಲ್ರಿ ಇದು! ಇದಕ್ಕ ಆಟೊಮೇಷನ್ ಅಂತಾರೇನು? ಇದು ಅತ್ತಿ ಕಾಟ!"

"ಇರ್ಲಿ ಬಿಡಪಾ. ಅತ್ತಿ ಕೇಳಿದ್ರ ಮನಿ ಉಳೀತೈತಿ."

ನಾನು ನೌಕರಿ ಬಿಡುವವರೆಗೂ ಅಚ್ಚು ಹಾಗೆಯೇ ಕೇಳುತ್ತಿತ್ತು. ದಿನಕ್ಕೆ ನಲವತ್ತು ಪುಟದ ಬದಲು ಆರೇಳು ಆಗುತ್ತಿದ್ದವು. ಫೋನಿನಲ್ಲಿ ಓದಿ ಹೇಳುವಾಗ ಹೆಂಗಸರು ಉದ್ದವನ್ನಷ್ಟೇ ಅಲ್ಲ, ನನ್ನ ಕನ್ನಡವನ್ನೂ ತಿದ್ದಿದರು. "ಮನಮೋಹಕ" ಎಂದು ಬರೆದಲ್ಲೆಲ್ಲ "ಅದನ್ನ ತಗೀರಿ, ನಗ್ತಾರ" ಎಂದರು.

ಆ ಸಂಜೆ ಬಾಗಲಕೋಟೆಗೆ ಬಂದಿಳಿದಾಗ ದೀಪ ಹಚ್ಚುವ ಹೊತ್ತು. ಒಂದು ದೊಡ್ಡ ಕೆಲಸ ಮಾಡಿ ಬಂದೆ ಎಂಬ ಭಾವ ಮೆಲ್ಲಗೆ ಮೂಡತೊಡಗಿತ್ತು. ಗೇಟು ತೆಗೆಯುತ್ತಿರುವಾಗ ಪಕ್ಕದ ಮನೆಯ ಕಮಲಾಬಾಯಿ ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

"ಏನ್ರಿ ವೈನಿ, ಮುಂಜಾನಿಂದ ಕಾಣಲಿಲ್ಲ?"

"ಇಳಕಲ್ಲಿಗೆ ಹೋಗಿದ್ದೆ."

ಅವರ ಕೈ ನಿಂತಿತು. ಕಣ್ಣು ನನ್ನ ಚೀಲದ ಮೇಲೆ ಬಿತ್ತು. "ತೋರಸ್ರಿ ಮತ್ತ."

"ಏನ್ರಿ?"

"ಸೀರಿ!"

"ಸೀರಿ ತಂದಿಲ್ರಿ."

ಕಮಲಾಬಾಯಿ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಮತ್ತೆ ಸೊಪ್ಪಿಗೆ ಕೈ ಹಾಕಿದರು.

"ಇಳಕಲ್ಲಿಗೆ ಹೋಗಿ ಬರಿಗೈಲೆ ಬಂದ್ರ್ಯಾ? ಮತ್ತ ಇಡೀ ದಿನಾ ಏನ ಮಾಡಿದ್ರಿ ಅಲ್ಲಿ?"